ಬಿಟ್ಟು ಓದಿದ ಸಾಲು

ನಮ್ಮ ಮನೆಯಲ್ಲಿ ಓದು ಬರಹ ಬಲ್ಲವಳು ನಾನೊಬ್ಬಳೇ. ಕರೆಂಟ್ ಬಿಲ್ಲಿನಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳಬೇಕು. ಎಂಟನೇ ಕ್ಲಾಸಿನಲ್ಲೇ ನನಗೊಂದು ಚಾಳಿ ಅಂಟಿಕೊಂಡಿತು: ಅವ್ವ ಹೆದರುವಂಥ ಸಾಲು ಬಂದರೆ ನುಂಗಿಬಿಡುವುದು. ಅಪ್ಪನ ಕೊನೆಯ ರಿಪೋರ್ಟನ್ನೂ ಹಾಗೇ ಓದಿದ್ದೆ. ಈಗ ಸಿರುಗುಪ್ಪದಲ್ಲಿ ಹೈಸ್ಕೂಲ್ ಟೀಚರ್. ಮಕ್ಕಳು ಒಂದು ಸಾಲು ಹಾರಿಸಿದರೆ ನಿಲ್ಲಿಸಿ ಮತ್ತೆ ಓದಿಸುತ್ತೇನೆ, ದೊಡ್ಡ ಸಾಚಾಳ ಹಾಗೆ.

ಅವ್ವ ಉಚ್ಚೆಂಗೆಮ್ಮ ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಮಷಿನ್ ತುಳಿದವಳು. ಬಲಗಡೆಯ ಸೊಂಟದ ಕೀಲು ಸವೆದು, ಎರಡು ವರ್ಷದಿಂದ ಬಚ್ಚಲಿಗೆ ಹೋಗಲೂ ಅವಳಿಗೆ ನನ್ನ ಹೆಗಲು ಬೇಕಾಗಿತ್ತು. ಕಂಟೋನ್ಮೆಂಟಿನ ಒಂದು ನರ್ಸಿಂಗ್ ಹೋಮಿನಲ್ಲಿ ವೇದವ್ಯಾಸ ಡಾಕ್ಟರು ಕೀಲು ಬದಲಿಸೋಣ ಎಂದರು. ಆಪರೇಷನ್ನಿನ ಹಿಂದಿನ ದಿನ ನನಗೆ ಎಲ್ಲ ಬಿಡಿಸಿ ಹೇಳಿ, ಒಪ್ಪಿಗೆ ಪತ್ರ ಕೈಗೆ ಕೊಟ್ಟು, "ಅಮ್ಮನಿಗೆ ಪೂರ್ತಿ ಓದಿ ಹೇಳಿ" ಎಂದರು.

ನಾಲ್ಕನೇ ಸಾಲು ಹೀಗಿತ್ತು: ನೂರರಲ್ಲಿ ಒಬ್ಬಿಬ್ಬರಿಗೆ ಕಾಲಿನ ನರಕ್ಕೆ ಪೆಟ್ಟಾಗಬಹುದು, ಪಾದ ಎತ್ತಲು ಬಾರದಿರಬಹುದು, ಅದು ಸರಿಹೋಗದೆಯೂ ಇರಬಹುದು. ನಾನು ಮೂರರಿಂದ ಐದಕ್ಕೆ ಹಾರಿದೆ. ಅವಳ ನೋವು ನೋಡಲಾಗುತ್ತಿರಲಿಲ್ಲ, ನಿಜ. ಎತ್ತಿ ಇಳಿಸಿ ನನಗೂ ಸಾಕಾಗಿತ್ತು, ಅದೂ ನಿಜ. ಅವ್ವ ಹೆಬ್ಬೆಟ್ಟು ಒತ್ತಿದಳು. "ಓದಿ ಹೇಳಿದವರು" ಎಂಬಲ್ಲಿ ನಾನು ಸಹಿ ಹಾಕಿದೆ.

ಕೀಲು ಚೆನ್ನಾಗಿಯೇ ಕೂತಿತು, ಸೊಂಟದ ನೋವೂ ಹೋಯಿತು. ಪಾದ ಮಾತ್ರ ಏಳಲಿಲ್ಲ. ಅದೂ ಮಷಿನ್ ತುಳಿಯುವ ಬಲಪಾದ. ನಡೆದರೆ ಬೆರಳು ನೆಲಕ್ಕೆ ಉಜ್ಜುತ್ತದೆ. ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವಳಿಗೆ ಗೊತ್ತಾಗುವುದಿಲ್ಲ. ಪಾದ ಜೋಲದಂತೆ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಟ್ಟರು. ಐದು ತಿಂಗಳು ಅವ್ವ ಗೋಡೆಗೆ ಒರಗಿ ಕೂತು "ಏಳ್ಲೇ, ಏಳು" ಎಂದು ಆ ಪಾದವನ್ನು ಬೈಯುತ್ತಿದ್ದಳು. ನಾನು ಒಳಗೊಳಗೇ ಬೆಂದುಹೋದೆ. ಹೇಳಿಬಿಡೋಣ ಎಂದು ಬಾಯಿ ತೆರೆದಾಗಲೆಲ್ಲ, ಚಹಾ ಬೇಕೇನು ಎಂದು ಕೇಳಿ ಒಳಗೆ ಹೋಗುತ್ತಿದ್ದೆ.

ನರದ ಟೆಸ್ಟ್ ಮಾಡಿಸುವ ದಿನ ಕುರುಗೋಡಿನಿಂದ ಅವ್ವನ ತಮ್ಮ ಜೋಗಪ್ಪ ಮಾವ ಬಂದ. ಸಿಟ್ಟು ಅವನ ಮೂಗಿನ ತುದಿಯಲ್ಲೇ ಇರುತ್ತದೆ.

"ಡಾಕ್ಟ್ರು ಮುಚ್ಚಿಟ್ಟು ಮಾಡ್ಯಾರ. ನಡೀರಿ, ಇವತ್ತು ಕೇಳೇ ಬಿಡೋಣು" ಎಂದ.

ನಾನು ಬೇಡ ಎಂದೆ. ಯಾಕೆ ಎಂದು ಕೇಳಿದ. ಆಟೋ ಕರೆಯಲು ಹೊರಗೆ ಹೋದೆ.

ಟೆಸ್ಟ್ ಮುಗಿಸಿ ರಿಪೋರ್ಟು ಹಿಡಿದು ಡಾಕ್ಟರ ರೂಮಿಗೆ ಹೋದೆವು. ಮಾವ ಕೂರಲೇ ಇಲ್ಲ. "ಹೊಲಿಯೋ ಕಾಲು ಐತ್ರಿ ಅದು! ಹಿಂಗಾಗತೈತಿ ಅಂತ ಮೊದ್ಲ ಯಾಕ ಹೇಳ್ಲಿಲ್ರಿ?"

ಡಾಕ್ಟರು ಸಿಟ್ಟಾಗಲಿಲ್ಲ. ಎಷ್ಟೇ ಎಚ್ಚರವಾಗಿದ್ದರೂ ಒಮ್ಮೊಮ್ಮೆ ನರ ಜಗ್ಗಿ ಪೆಟ್ಟಾಗುತ್ತದೆ, ತಮಗೂ ಸಂಕಟವಾಗಿದೆ ಎಂದರು. ಆಮೇಲೆ ಫೈಲಿನಿಂದ ಪತ್ರ ತೆಗೆದು ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು. "ಹೇಳಿಯೇ ಮಾಡಿದ್ದು. ಅಮ್ಮನಿಗೆ ಓದಿ ಹೇಳಿದ್ದಾಗಿ ಇವರೇ ಸಹಿ ಹಾಕಿದ್ದಾರೆ."

ಮಾವ ನನ್ನ ಕಡೆ ತಿರುಗಿದ. "ಹೇಳಿದ್ಯೇನು ನಿಮ್ಮವ್ವಗ?"

ಬಾಗಿಲು ನನ್ನ ಬೆನ್ನ ಹಿಂದೆಯೇ ಇತ್ತು. ಆದರೆ ಅವ್ವನ ಊರುಗೋಲು ನನ್ನ ಕೈಯಲ್ಲಿತ್ತು.

"ಹೇಳಿದ್ಲು" ಎಂದಳು ಅವ್ವ. "ಎಲ್ಲಾ ಓದಿ ಹೇಳಿದ್ಲು. ನಾನ ಆಗ್ಲಿ ಅಂದೆ. ಸುಮ್ನ ಕುಂದ್ರು, ಜೋಗ."

ಮಾವ ಕೂತ. ಹೊರಗೆ ಬಂದ ಮೇಲೆ ನನ್ನ ತಲೆ ಸವರಿ, "ನಿನ್ನ ಮ್ಯಾಲ ಅನುಮಾನಪಟ್ಟೆ, ಬಿಡವ್ವಾ" ಎಂದು ಬಸ್ ಸ್ಟ್ಯಾಂಡಿನ ಕಡೆ ಹೋದ. ಆ ಕೈ ನನ್ನ ಕೆನ್ನೆಗೆ ಬಿದ್ದಿದ್ದರೆ ಹಗುರಾಗುತ್ತಿದ್ದೆ. ಇನ್ನು ನಾನು ನಿಜ ಹೇಳಿದರೆ ಅವ್ವ ಸುಳ್ಳುಗಾತಿ ಆಗುತ್ತಾಳೆ.

ಆಟೋ ಹತ್ತಿದ ಮೇಲೆ ಅವ್ವ ಟೆಸ್ಟಿನ ರಿಪೋರ್ಟನ್ನು ನನ್ನ ತೊಡೆಯ ಮೇಲಿಟ್ಟಳು.

"ಓದು. ಒಂದಕ್ಷರ ಬಿಡಬ್ಯಾಡ."

ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡುತ್ತ ಓದಿದೆ. ನರಕ್ಕೆ ಆದ ಪೆಟ್ಟು ದೊಡ್ಡದು. ಐದು ತಿಂಗಳಾದರೂ ಚೇತರಿಕೆಯ ಗುರುತು ಕಾಣುತ್ತಿಲ್ಲ. ಪಾದ ಮೊದಲಿನಂತಾಗುವುದು ಕಷ್ಟ. ಕೊನೆಯವರೆಗೆ ಓದಿದೆ.

ಅವ್ವ ರಿಪೋರ್ಟನ್ನು ತೆಗೆದುಕೊಂಡು ಮಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ನಿಂಗ ಯಾವಾಗ ಗೊತ್ತಾತು?" ಎಂದು ಕೇಳಿದೆ.

"ಡಾಕ್ಟ್ರು ಬೆರಳಿಟ್ಟಾಗ. ನಿನ್ನ ಮಾರಿ ನೋಡಿದೆ."

"ತಪ್ಪಾತವ್ವ."

"ಅವತ್ತ ಓದಿದ್ರ ನಾನು ಬ್ಯಾಡ ಅಂತಿದ್ದೆ, ನಂದಿನಿ."

"ಗೊತ್ತಿತ್ತವ್ವ" ಎಂದೆ. "ಅದಕ್ಕ ಓದ್ಲಿಲ್ಲ."