ಮೆಣಸಿನ ಘಾಟು

"ಸರ್ಕೋ ನಾ ಭೈಯಾ! ದರವಾಜೇ ಪೇ ಖಡೇ ರಹೋಗೇ ತೋ ಲೋಗ್ ಅಂದರ್ ಕೈಸೇ ಜಾಯೇಂಗೇ?"

ಹೀಗೆಂದು ಪೂವಪ್ಪನ ಭುಜಕ್ಕೆ ಕೈಚೀಲ ಒತ್ತಿ, ಅವನದೇ ಮನೆಯ ಬಾಗಿಲಿನಿಂದ ಅವನನ್ನು ಬದಿಗೆ ಸರಿಸಿ ಒಬ್ಬಳು ಒಳಗೆ ನುಗ್ಗಿದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಬೆನ್ನಿಗೆ ಮತ್ತೆ ನಾಲ್ವರು. ಲೋಕಲ್ ರೈಲುಗಾಡಿ ಪೂರ್ತಿ ನಿಲ್ಲುವ ಮೊದಲೇ ಹತ್ತಿ ರೂಢಿಯಾದ ಹೆಂಗಸರು; ಸಾವಿನ ಮನೆಯೆಂದು ರೂಢಿ ಬಿಟ್ಟೀತೇ? ಸತ್ತವಳ ಗಂಡ ನಾನೇ ಎಂದು ಪೂವಪ್ಪ ಬಾಯಿ ತೆರೆಯುವಷ್ಟರಲ್ಲಿ ಆರೂ ಜನ ಸೇವಂತಿಯ ತಲೆಯ ಹತ್ತಿರ ಜಾಗ ಹಿಡಿದು ಕುಳಿತಾಗಿತ್ತು. ಅವನಿಗೆ ಉಳಿದದ್ದು ಚಪ್ಪಲಿ ರಾಶಿಯ ಪಕ್ಕದ ಗೋಡೆ.

ಸೇವಂತಿಯನ್ನು ಮುಂದಿನ ಕೋಣೆಯಲ್ಲಿ ತೆಂಕಕ್ಕೆ ತಲೆ ಮಾಡಿ ಮಲಗಿಸಿದ್ದರು. ನಿನ್ನೆ ಬೆಳಿಗ್ಗೆ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು "ಬರ್ತೇನೆ" ಎಂದು ಹೋದವಳು. ಗೋರೆಗಾಂವ್‌ನಿಂದ ದಾದರ್, ಅಲ್ಲಿ ಬ್ರಿಜ್ ದಾಟಿ ಇನ್ನೊಂದು ಗಾಡಿ, ಆಮೇಲೆ ಪರೇಲ್. ಪರೇಲಿನ ಒಂದು ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಬರೆದುಕೊಡುವ ಕಿಟಕಿಯ ಹಿಂದೆ ಅವಳ ಅರ್ಧ ಆಯುಷ್ಯ ಕಳೆದಿತ್ತು. ನಿನ್ನೆ ದಾದರಿನ ಬ್ರಿಜ್ ಮೇಲೆ ಎದೆ ಹಿಡಿದುಕೊಂಡು ಕುಸಿದಳಂತೆ. ಆಸ್ಪತ್ರೆಗೆ ಮುಟ್ಟುವಾಗ ಏನೂ ಉಳಿದಿರಲಿಲ್ಲ.

"ಶೇವೂ, ಊಠ್ ನಾ ಗ!" ಎಂದು ಮೊದಲು ನುಗ್ಗಿದವಳು ಎಬ್ಬಿಸುವಂತೆ ಹೆಣದ ಕೆನ್ನೆ ಸವರಿ ಹೋ ಎಂದು ಅತ್ತಳು. ಅವಳ ಹೆಸರು ಸೋನಾಲಿ ಎಂದು ಪೂವಪ್ಪನಿಗೆ ಆಮೇಲೆ ಗೊತ್ತಾಯಿತು. ಆದರೆ ಶೇವು! ಮದುವೆಯಾಗಿ ತಲೆಗೂದಲು ಬೆಳ್ಳಗಾದರೂ ಪೂವಪ್ಪ ಹೆಂಡತಿಯನ್ನು ಮುದ್ದಿನ ಹೆಸರಿನಿಂದ ಕರೆದವನಲ್ಲ. ಅವಳಿಗೆ ಅಂಥದ್ದೊಂದು ಹೆಸರು ಇದೆಯೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಅವರಲ್ಲೊಬ್ಬಳು ಎದ್ದು ಅವನ ಹತ್ತಿರ ಬಂದಳು. ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ಸೇವಂತಿಯ ಚೀಲ.

"ನೀವು ಪೂವಪ್ಪಣ್ಣಾರಽ ಹೌದಲ್ಲರಿ? ನಾ ರಹೀಮಾ. ಹುಬ್ಬಳ್ಳಿ ಕಡೇಕಿ. ಅಕ್ಕನ ಜೋಡಿ ಒಂದಽ ಬೋಗ್ಯಾಗ ಇಷ್ಟು ವರ್ಷ ಓಡ್ಯಾಡೀನ್ರಿ." ಚೀಲವನ್ನು ಅವನ ಕೈಗಿಟ್ಟಳು. "ನಿನ್ನೆ ಆಕಿ ತಲಿ ನನ್ನ ತೊಡಿಮ್ಯಾಲಽ ಇತ್ತು. ಎರಡು ಗುಟುಕು ನೀರು ನಾನಽ ಹಾಕೀನಿ. ಭಾಳ ತ್ರಾಸ ಪಡಲಿಲ್ಲರಿ ಅಕ್ಕ."

ಸಮಾಧಾನಕ್ಕೆಂದು ಆಡಿದ ಮಾತು. ಪೂವಪ್ಪನಿಗೆ ಮಾತ್ರ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಕೊನೆಯ ನೀರು ಬಿಡಬೇಕಾದವನು ಗಂಡ. ಅದನ್ನೂ ಆ ಹಾಳು ಗಾಡಿಯೇ ಕಸಿದುಕೊಂಡಿತಲ್ಲ! ಅವನು ಚೀಲವನ್ನು ಎದೆಗೆ ಅವುಚಿಕೊಂಡ.

*

ಈ ಹೊಟ್ಟೆಕಿಚ್ಚು ನಿನ್ನೆ ಮೊನ್ನೆಯದಲ್ಲ.

ಪೂವಪ್ಪ ಗೋರೆಗಾಂವ್‌ನಲ್ಲೇ ಒಂದು ಉಡುಪಿ ಹೋಟೆಲಿನ ಅಡುಗೆಯವನು. ಮನೆಯಿಂದ ನಡೆದು ಹೋಗುವಷ್ಟೇ ದೂರ. ಲೋಕಲ್ ಗಾಡಿಯ ಗರ್ದಿ, ಆ ನೂಕುನುಗ್ಗಲು, ಅವನಿಗೆ ಕೇಳಿ ಗೊತ್ತೇ ಹೊರತು ಅನುಭವಿಸಿ ಗೊತ್ತಿಲ್ಲ. ಸೇವಂತಿ ಸಂಜೆ ಬರುವುದು ಒಂದೊಂದು ದಿನ ಎಂಟು ಗಂಟೆಗೆ. ಬಂದವಳೇ ಕುರ್ಚಿಯ ಮೇಲೆ ಕಾಲು ನೀಡಿ, "ಅಯ್ಯೋ, ಎಂಥ ಗರ್ದಿ ಮಾರಾಯ್ರೆ!" ಎಂದು ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಮಾತಿಲ್ಲ. ಊಟ, ನಿದ್ದೆ. ಐದಕ್ಕೆ ಕೆಲಸ ಬಿಡುವವಳು ಎಂಟಕ್ಕೆ ಮನೆಗೆ ಬರುವಂಥ ಗರ್ದಿ ಯಾವುದಪ್ಪ ಎಂದು ಪೂವಪ್ಪನ ತಲೆಯೊಳಗೆ ಹುಳ ಹೊಕ್ಕಿತು. ತನ್ನ ಒಂದು ರಜೆಯ ದಿನ ಸಂಜೆ ಟಿಕೆಟು ತೆಗೆದು ದಾದರಿಗೆ ಹೋಗಿ ಬ್ರಿಜ್ ಮೇಲೆ ಕಂಬದ ಮರೆಗೆ ನಿಂತೇಬಿಟ್ಟ.

ಕೆಳಗೆ ಪ್ಲಾಟ್‌ಫಾರ್ಮಿನಲ್ಲಿ ಸೇವಂತಿ ಇದ್ದಳು. ಗಾಡಿ ಬಂತು. ಅವಳು ಹತ್ತಲಿಲ್ಲ. ಇನ್ನೊಂದು ಬಂತು, ಕೂರಲು ಜಾಗವೂ ಇತ್ತು. ಅದನ್ನೂ ಬಿಟ್ಟಳು. ಸುತ್ತ ನಾಲ್ಕೈದು ಹೆಂಗಸರು. ಅಷ್ಟರಲ್ಲಿ ಒಬ್ಬಳು ಏದುಸಿರು ಬಿಡುತ್ತ ಓಡಿ ಬಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಗಾಡಿಗೆ ಎಲ್ಲರೂ ಒಟ್ಟಿಗೆ ಹತ್ತಿದರು. ಸೇವಂತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗು ಮನೆಯಲ್ಲಿ ಅವನು ಒಂದು ದಿನವೂ ಕಂಡದ್ದಲ್ಲ.

ಗಂಡಸು ಯಾರಾದರೂ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಒಂದು ಲೇಡೀಸ್ ಬೋಗಿಯ ಮೇಲೆ ಮತ್ಸರ ಪಡುವ ಗಂಡನನ್ನು ಕಂಡರೆ ಯಾರು ನಗುವುದಿಲ್ಲ? ಆ ರಾತ್ರಿ ಅವನು ಅವಳಿಗೆ ಸಾರು ಬಡಿಸುತ್ತ ಕೇಳಿದ್ದು ಇಷ್ಟೇ:

"ಗರ್ದಿ ಇತ್ತಾ?"

"ಅಯ್ಯೋ, ಕೇಳ್ಬೇಡಿ."

ಅವನು ಮತ್ತೆ ಕೇಳಲಿಲ್ಲ. ಆ ಗಾಡಿಯಲ್ಲಿ ತನ್ನದೂ ಒಂದು ವಸ್ತು ಉಂಟಲ್ಲ, ಡಬ್ಬಿ, ಎಂದು ಸಮಾಧಾನ ಮಾಡಿಕೊಂಡ. ಬೆಳಗಿನ ಜಾವ ಎದ್ದು ಅವನೇ ಮಸಾಲೆ ಕಡೆದು, ಬೇಯಿಸಿ, ಕಟ್ಟಿಕೊಡುತ್ತಿದ್ದ ಡಬ್ಬಿ. ಹೋಟೆಲಿನಲ್ಲಿ ಅವನು ಎಷ್ಟು ರುಚಿ ಮಾಡಿದರೂ ಹೆಸರು ಬರುವುದು ಹೊರಗಿನ ಬೋರ್ಡಿಗೆ. ಈ ಒಂದು ಡಬ್ಬಿ ಮಾತ್ರ ಪೂವಪ್ಪನ ಹೆಸರಿನಲ್ಲೇ ಬಿಚ್ಚುತ್ತದೆ ಎಂದು ಅವನು ನಂಬಿಕೊಂಡಿದ್ದ.

*

ಹೌಸಿಂಗ್ ಸೊಸೈಟಿಯ ನೀರು ಎಂಟಕ್ಕೇ ನಿಂತುಹೋಗಿತ್ತು. ಹೆಣಕ್ಕೆ ಸ್ನಾನ ಮಾಡಿಸಬೇಕೆನ್ನುವಾಗ ನಲ್ಲಿಯಲ್ಲಿ ಹನಿ ಇಲ್ಲ. ಎದುರು ಮನೆಯ ನಿಶಾ ತಾನು ತುಂಬಿಸಿಟ್ಟ ಎರಡು ಬಕೆಟ್ ನೀರು ತಂದುಕೊಟ್ಟಳು. ಇದೇ ನಿಶಾ ಸೇವಂತಿಯ ಜೊತೆ ತಿಂಗಳಿಗೊಮ್ಮೆ ಜಗಳವಾಡುತ್ತಿದ್ದವಳು. ಸ್ನಾನವಾಯಿತು, ಹಸಿರು ಸೀರೆ ಉಡಿಸಿದ್ದಾಯಿತು, ಹಣೆ ತುಂಬ ಕುಂಕುಮ ಇಟ್ಟದ್ದಾಯಿತು. ಹೆಣ ಒಯ್ಯುವ ವ್ಯಾನ್ ಮಾತ್ರ ಬರಲಿಲ್ಲ. ಹೈವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿದೆಯಂತೆ. ಈ ಊರಿನಲ್ಲಿ ಸತ್ತವರಿಗೂ ಕಾಯುವುದು ತಪ್ಪುವುದಿಲ್ಲ.

ಕಾಯುತ್ತ ಕೂತವರ ಬಾಯಿ ಎಷ್ಟು ಹೊತ್ತು ಸುಮ್ಮನಿದ್ದೀತು?

"ಕ್ಯಾ ಹಾಥ್ ಥಾ ಉಸ್ಕಾ!" ಎಂದು ಸೋನಾಲಿ ಸೇವಂತಿಯ ಕೈರುಚಿ ನೆನೆದು ಕಣ್ಣೊರೆಸಿಕೊಂಡಳು. "ವೋ ಪತ್ತೇವಾಲಾ ಬನಾತೀ ಥೀ ನಾ, ಹಮಾರೀ ಅಳೂವಡಿ ಉಸ್‌ಕೇ ಸಾಮ್ನೇ ಕುಛ್ ನಹೀಂ."

"ಪತ್ರೊಡಿ," ಎಂದಳು ರಹೀಮಾ. "ಮಳಿಗಾಲ ಬಂತಂದ್ರ ದಾದರ್ ಮಾರ್ಕೆಟ್ಟಿನ್ಯಾಗ ಕೆಸುವಿನ ಎಲಿ ಆರಿಸಿ ಆರಿಸಿ ತಗೋತಿದ್ಲು. ಮರುದಿನ ಡಬ್ಬಿ ಬಿಚ್ಚಿದ್ಲಂದ್ರ ಇಡೀ ಬೋಗಿ ಘಮ್ ಅಂತಿತ್ತರಿ. ಮುಂಜಾನೆ ನಾಕಕ್ಕ ಎದ್ದು ನಾನಽ ಮಾಡೀನಿ, ತಿನ್ರಿ ತಿನ್ರಿ ಅಂತಿದ್ಲು."

ಗೋಡೆಗೊರಗಿದ್ದ ಪೂವಪ್ಪ ನೆಟ್ಟಗಾದ.

ನಾನೇ ಮಾಡಿದ್ದು ಅಂದಳೇ? ಸೇವಂತಿಯೇ? ಅನ್ನಕ್ಕಿಟ್ಟರೆ ಗಂಜಿ, ಗಂಜಿಗಿಟ್ಟರೆ ತಳ ಹಿಡಿದು ಸೀದ ವಾಸನೆ! ಒಗ್ಗರಣೆಯ ಸಾಸಿವೆ ಸಿಡಿದರೆ ಎರಡು ಹೆಜ್ಜೆ ಹಿಂದೆ ಹಾರುವವಳು!

"ಖರೇ ಹೇಳ್ಲ್ಯಾ ಅಣ್ಣಾರ?" ರಹೀಮಾ ಅವನತ್ತ ತಿರುಗಿದಳು. "ನಮಗೆಲ್ಲಾ ಆಕಿ ಮ್ಯಾಲೆ ಭಾಳ ಹೊಟ್ಟಿಕಿಚ್ಚರಿ. ನಮ್ಮಂಗಽ ಜೋತಾಡಿಕೋಂತ ಬರ್ತಾಳ, ನಮ್ಮಂಗಽ ದಣೀತಾಳ, ಆದ್ರೂ ಇಷ್ಟೆಲ್ಲಾ ಮಾಡಿಕೊಂಡು ತರ್ತಾಳಲ್ಲ, ಎಲ್ಲಿಂದ ಬರತೈತಿ ಈಕಿಗೆ ಕಸುವು ಅಂತ ಆಕಿ ಮಾರಿಮ್ಯಾಲಽ ಅಂತಿದ್ವಿ. ಸುಮ್ನ ನಗ್ತಿದ್ಲು. ಆ ಪತ್ರೊಡಿಗೆ ಏನು ಹಾಕ್ತಿದ್ಲರಿ? ಎಷ್ಟು ಕೇಳಿದ್ರೂ ಹೇಳ್ಲಿಲ್ಲ. ನಿಮಗ ಗೊತ್ತೈತೇನು?"

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ನಗುವನ್ನು ಈ ಹೆಂಗಸರಿಗೆ ಕೊಟ್ಟಳು, ಕೊನೆಯ ಗುಟುಕನ್ನು ಇವರ ಕೈಯಲ್ಲಿ ಕುಡಿದಳು, ಹೋಗಲಿ. ಅವನ ಕೈರುಚಿಯನ್ನೂ ತನ್ನ ಹೆಸರಿಗೆ ಬರೆದುಕೊಂಡು ಇವರಿಗೆ ಬಡಿಸಿದಳಲ್ಲ! ಹೇಳಿಬಿಡುತ್ತೇನೆ, ಈಗಲೇ, ಸೇವಂತಿಯೆದುರಿಗೇ ಹೇಳಿಬಿಡುತ್ತೇನೆ ಎಂದು ಪೂವಪ್ಪ ಬಾಯಿ ತೆರೆದ.

"ಅದು ಅವಳಲ್ಲ. ಅದು..."

"ಭಾವ, ಸ್ವಲ್ಪ ಒಳಗೆ ಬನ್ನಿ," ಎಂದು ಸೇವಂತಿಯ ತಂಗಿ ವಿಜೇತಾ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡೇ ಹೋದಳು.

"ಕೇಳಿದ್ಯಾ ನಿನ್ನ ಅಕ್ಕನ ಕತೆ?" ಎಂದ ಪೂವಪ್ಪ. "ಇಷ್ಟು ವರ್ಷ ನಾನು ಕಡೆದದ್ದು, ನಾನು ಬೇಯಿಸಿದ್ದು. ನನ್ನ ಹೆಸರು ಹೇಳ್ಲಿಕ್ಕೆ ಅವಳಿಗೆ ನಾಚಿಕೆ ಆಯ್ತಾ? ಅಡುಗೆಯವನ ಹೆಂಡತಿ ಅಂತ ಗೊತ್ತಾದ್ರೆ ಮರ್ಯಾದೆ ಹೋಗ್ತದಾ?"

"ಎಂಥ ನಾಚಿಕೆ ಭಾವ? ನಂಗೆ ಮೊದಲೇ ಗೊತ್ತುಂಟು. ನಾನೂ ಒಮ್ಮೆ ಹೀಗೇ ಬೈದಿದ್ದೆ ಅವಳಿಗೆ." ವಿಜೇತಾ ಮುಸುಮುಸು ಅಳತೊಡಗಿದಳು. "ಬೋಗಿಯಲ್ಲಿ ಎಲ್ಲರದ್ದೂ ಗಂಡಂದಿರ ದೂರೇ ಅಂತೆ. ಒಬ್ಬಳ ಗಂಡ ಕುಡಿಯುದು, ಒಬ್ಬಳ ಗಂಡ ಕೂತಲ್ಲಿಂದ ನೀರಿನ ಗ್ಲಾಸ್ ಸಹ ಎತ್ತುದಿಲ್ಲ. 'ಅಂಥವರ ನಡುವೆ ಕೂತು, ನನ್ನ ಗಂಡ ನಾಲ್ಕಕ್ಕೆ ಎದ್ದು ಡಬ್ಬಿ ಕಟ್ಟಿ ಕೊಡ್ತಾರೆ ಅಂತ ಹೇಳಿದ್ರೆ ನಿನ್ನ ಭಾವನಿಗೆ ದೃಷ್ಟಿ ಬೀಳುದಿಲ್ವಾ ವಿಜೇತಾ? ಅವರಿಗೆ ಏನಾದ್ರೂ ಆದ್ರೆ ನಾನು ಎಂತ ಮಾಡುದು?' ಅಂತ ಕೇಳಿದ್ಳು. ಅದಕ್ಕೇ ಎಲ್ಲ ತನ್ನ ಮೇಲೆ ಹಾಕ್ಕೊಂಡದ್ದು."

ಎದುರಿನ ಶೆಲ್ಫಿನಲ್ಲಿ ಒಣಮೆಣಸಿನ ಬಾಟಲಿ ಇತ್ತು. ಪೂವಪ್ಪ ಅದನ್ನೇ ನೋಡುತ್ತ ನಿಂತ.

*

ಪ್ರತಿ ಅಮಾವಾಸ್ಯೆಯ ಸಂಜೆ ಸೇವಂತಿ ಅವನನ್ನು ಇದೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸು.

"ಹೋದವರ ಕಣ್ಣು, ಬಂದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಹೊಟ್ಟೆಕಿಚ್ಚಿನವರ ಕಣ್ಣು..." ಎನ್ನುತ್ತ ಮೂರು ಸಲ ನಿವಾಳಿಸಿ ಗ್ಯಾಸಿನ ಉರಿಗೆ ಹಾಕುವಳು.

"ಈ ಹೋಟೆಲಿನ ಹೊಗೆ ತಿಂದ ಮುಖಕ್ಕೆ ಯಾರ ದೃಷ್ಟಿ ಮಾರಾಯ್ತಿ?" ಎಂದು ಅವನು ನಗುತ್ತಿದ್ದ.

"ನಿಮಗೆ ಗೊತ್ತಿಲ್ಲ, ಬಾಯಿ ಮುಚ್ಚಿ ಕೂತ್ಕೊಳ್ಳಿ."

ದೃಷ್ಟಿ ತಾಗಿದ್ದರೆ ಮೆಣಸು ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ, ದೃಷ್ಟಿ ಇಲ್ಲದಿದ್ದರೆ ಮೂಗು ಬಾಯಿ ಉರಿದುಹೋಗುತ್ತದೆ. ಇದು ಅವಳ ಅಜ್ಜಿಯ ಕಾಲದ ಲೆಕ್ಕ. ಸಾಮಾನ್ಯವಾಗಿ ಘಾಟೆದ್ದು ಐದನೇ ಮಾಳಿಗೆಯವರೆಲ್ಲ ಕೆಮ್ಮುತ್ತಿದ್ದರು. ನಿಶಾ ಮೂಗಿಗೆ ದುಪಟ್ಟಾ ಒತ್ತಿಕೊಂಡು ಬಂದು ಬಾಗಿಲು ಬಡಿಯುತ್ತಿದ್ದಳು. "ಆಂಟೀ, ಯೇ ಬಿಲ್ಡಿಂಗ್ ಹೈ, ಆಪ್‌ಕಾ ಗಾಂವ್ ನಹೀಂ!" ಸೆಕ್ರೆಟರಿಗೆ ದೂರು ಹೋಯಿತು, ಲಿಫ್ಟಿನಲ್ಲಿ ನೋಟೀಸೂ ಅಂಟಿತು. ಎಷ್ಟು ಬೈಸಿಕೊಂಡರೂ ಬಾಗಿಲು ಮುಚ್ಚಿ ಒಳಗೆ ಬರುವಾಗ ಸೇವಂತಿಯ ಮುಖ ಅರಳಿರುತ್ತಿತ್ತು. ಘಾಟೇಳದೆ, ನಿಶಾ ಬಯ್ಯಲು ಬಾರದ ಅಮಾವಾಸ್ಯೆ ಎಲ್ಲೋ ಒಂದೊಂದು. ಆ ರಾತ್ರಿ ಸೇವಂತಿಗೆ ನಿದ್ದೆ ಇರುತ್ತಿರಲಿಲ್ಲ. ಮಲಗಿದವನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು.

ಅವನನ್ನು ಕೂರಿಸಿ ದೃಷ್ಟಿ ತೆಗೆದಳು. ಅವಳಿಗೆ ತೆಗೆಯುವವರು ಯಾರೂ ಇರಲಿಲ್ಲ. ಒಮ್ಮೆ ನೀನೂ ಕೂತ್ಕೋ ಎಂದು ಅವನಿಗೆ ಹೊಳೆದದ್ದೂ ಇಲ್ಲ.

*

ವ್ಯಾನ್ ಬಂತೆಂದು ಕೆಳಗಿನಿಂದ ಕೂಗಿದರು. ಪೂವಪ್ಪ ಬಾಟಲಿಗೆ ಕೈ ಹಾಕಿ ಒಂದು ಹಿಡಿ ಮೆಣಸು ತೆಗೆದ, ಅದಕ್ಕೆ ಹರಳುಪ್ಪು ಸೇರಿಸಿ ಹೆಗಲ ಬೈರಾಸಿನ ತುದಿಗೆ ಗಂಟು ಹಾಕಿಕೊಂಡ.

ಚಟ್ಟ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಐದು ಮಾಳಿಗೆ ಮೆಟ್ಟಿಲಿನಲ್ಲೇ ಇಳಿಸಬೇಕು. ತಿರುವಿನಲ್ಲಿ ಚಟ್ಟ ವಾಲಿದಾಗ ಸೋನಾಲಿ ಮುಂದೆ ನುಗ್ಗಿ ಕೈಯಾಸರೆ ಕೊಟ್ಟಳು. ಗರ್ದಿಯಲ್ಲಿ ಕೈಯಾಸರೆ ಕೊಡುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರಡನೇ ಮಾಳಿಗೆಯಲ್ಲಿ ಹೊತ್ತವರು ಉಸಿರು ತೆಗೆದುಕೊಳ್ಳಲು ನಿಂತರು. ರಹೀಮಾ ಪೂವಪ್ಪನ ಪಕ್ಕದಲ್ಲೇ ಇದ್ದಳು.

"ಪತ್ರೊಡಿಗೆ ಹುಳಿ ಸ್ವಲ್ಪ ಜಾಸ್ತಿ ಹಾಕ್ಬೇಕು ರಹೀಮಾ," ಎಂದ ಪೂವಪ್ಪ, ಅವಳು ಮತ್ತೆ ಕೇಳದಿದ್ದರೂ. "ಇಲ್ಲದಿದ್ರೆ ಕೆಸುವಿನ ಎಲೆ ಗಂಟಲು ತುರಿಸ್ತದೆ. ಮತ್ತೆ ಬೇಯಿಸಿದ ದಿನ ತಿನ್ಬಾರ್ದು. ಒಂದು ರಾತ್ರಿ ಇಟ್ಟು, ಮರುದಿನ ಕೊಚ್ಚಿ, ಬೆಲ್ಲ ತೆಂಗಿನಕಾಯಿ ಹಾಕಿ ಒಗ್ಗರಣೆ. ಅವಳು ಹಾಗೇ ಮಾಡ್ತಿದ್ದದ್ದು. ನಾನು ಹತ್ತಿರ ನಿಂತು ನೋಡಿದ್ದೇನೆ."

"ನಸೀಬವಾನ್ರಿ ನೀವು," ಎಂದಳು ರಹೀಮಾ.

"ಹೌದು," ಎಂದ ಅವನು. ಮೇಲೆ ನಿಂತಿದ್ದ ವಿಜೇತಾ ಮುಖ ಬೇರೆ ಕಡೆ ತಿರುಗಿಸಿದಳು.

ಸ್ಮಶಾನದಲ್ಲಿ ಕಟ್ಟಿಗೆ ಒಟ್ಟಿಯಾಗಿತ್ತು. ಹೆಂಗಸರು ಇಲ್ಲಿಗೆ ಬರುವ ಪದ್ಧತಿ ಇಲ್ಲವೆಂದು ಯಾರೋ ಹಿರಿಯರು ಗೊಣಗಿದರು. ಗಾಡಿಯವರಲ್ಲಿ ಒಬ್ಬಳೂ ಕದಲಲಿಲ್ಲ. ಅವರ ಜೊತೆ ನಿಶಾಳೂ ಬಂದು ನಿಂತಿದ್ದಳು. ಪುರೋಹಿತರು ಬೆಂಕಿ ಕೊಡುವಾಗ ಪೂವಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. ಬೈರಾಸಿನ ಗಂಟು ಬಿಚ್ಚಿದ.

"ಇದೆಂತ ಪೂವಪ್ಪ? ಹೆಣಕ್ಕೆ ಯಾರಾದ್ರೂ ದೃಷ್ಟಿ ತೆಗೀತಾರಾ?" ಎಂದು ಆ ಹಿರಿಯರು ಕೇಳಿದರು.

ಪೂವಪ್ಪ ಉಪ್ಪು ಮೆಣಸು ಹಿಡಿದ ಮುಷ್ಟಿಯನ್ನು ಅವಳ ಮುಖದ ಮೇಲೆ ಸುತ್ತಿಸಿದ.

"ಹೋದವರ ಕಣ್ಣು, ಬಂದವರ ಕಣ್ಣು," ಎಂದ. "ನಾಯಿ ಕಣ್ಣು, ನರಿ ಕಣ್ಣು. ಗಾಡಿಯವರ ಕಣ್ಣು."

ಮೂರನೆಯ ಸುತ್ತಿಗೆ ಕೈ ನಿಂತಿತು. ದಾದರಿನ ಬ್ರಿಜ್, ಕಂಬದ ಮರೆ, ಕೆಳಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಸೇವಂತಿ. ಅವತ್ತು ಅವಳನ್ನು ರೆಪ್ಪೆ ಬಡಿಯದೆ ನೋಡಿದ್ದು ಯಾರು?

"ನನ್ನ ಕಣ್ಣು," ಎಂದು ತುಟಿ ಅಲ್ಲಾಡಿಸಿ, ಹಿಡಿಯಲ್ಲಿದ್ದದ್ದನ್ನೆಲ್ಲ ಕಟ್ಟಿಗೆಯ ಸಂದಿಗೆ ಸುರಿದ. ಆಮೇಲೆ ಬೆಂಕಿ ಇಟ್ಟ.

ಮೆಣಸು ನೋಡಿದ್ದೇ ನಿಶಾ ಅಭ್ಯಾಸಬಲದಿಂದ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು. ಅವಳನ್ನು ನೋಡಿ ರಹೀಮಾ, ಸೋನಾಲಿ ಎಲ್ಲರೂ ಮೂಗು ಮುಚ್ಚಿದರು. ಪೂವಪ್ಪ ಒಬ್ಬನೇ ಮುಖವೊಡ್ಡಿ ಉಸಿರು ಎಳೆದುಕೊಳ್ಳುತ್ತ ನಿಂತ. ಉಪ್ಪು ಚಟಪಟ ಸಿಡಿಯಿತು. ಒಂದು ಹಿಡಿ ಮೆಣಸು ಕೆಂಪಗೆ ಹೊತ್ತಿ ಕಪ್ಪಾಯಿತು. ಗಾಳಿ ತಿರುಗಿ ಹೊಗೆಯೆಲ್ಲ ನೇರ ಹೆಂಗಸರು ನಿಂತಲ್ಲಿಗೇ ಬಂತು.

ಘಾಟು ಏಳಲೆಂದು ಅವನು ಅವರ ಕಡೆ ತಿರುಗಿ ಕಾದ. ನಿಶಾ ಮೆಲ್ಲಗೆ ದುಪಟ್ಟಾ ಕೆಳಗಿಳಿಸಿ, ಒಮ್ಮೆ ಉಸಿರೆಳೆದು ನೋಡಿದಳು. ಆಮೇಲೆ ರಹೀಮಾ, ಆಮೇಲೆ ಸೋನಾಲಿ.

ಒಬ್ಬರೂ ಕೆಮ್ಮಲಿಲ್ಲ.