ಮಣ್ಣಿನ ಬಯಕೆ

ಕೊಟ್ಟಿಗೆಯ ಹಿಂದೆ ಗೋಡೆಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ ಗುತ್ತೆವ್ವ ಅತ್ತೆಯ ಕಣ್ಣಿಗೆ ಬಿದ್ದಳು. ಬೆನ್ನ ಮೇಲೆ ಏಟು ಬೀಳುತ್ತದೆಂದು ಕಣ್ಣು ಮುಚ್ಚಿದಳು. ಬೀಳಲಿಲ್ಲ. ಮದುವೆಯಾದ ಐದು ವರ್ಷದಲ್ಲಿ ಮೊದಲ ಸಲ ಭರಮವ್ವ ಸೊಸೆಯ ಗದ್ದ ಹಿಡಿದು ಮುಖ ಎತ್ತಿದಳು.

"ಬಯಕಿ ಆಗೇತೇನ ನನ್ನವ್ವಾ? ಬಾಯಿಬಿಟ್ಟು ಹೇಳಬಾರದೇನ!"

ಗುತ್ತೆವ್ವ ತುಟಿಗೆ ಹತ್ತಿದ ಮಣ್ಣು ಒರೆಸಿಕೊಂಡಳು. ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು. ಹೊಟ್ಟೆ ಊದಿತ್ತು, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿತ್ತು. ಬಸಿರೆಂದರೆ ಹೀಗೇ ಇರಬೇಕೆಂದು ಅವಳೂ ನಂಬಿದಳು. ಮರುದಿನದಿಂದ ಅವಳ ಗಂಗಾಳಕ್ಕೆ ತುಪ್ಪ ಬಿತ್ತು. ಅವಳ ಗಂಡ ಉಡಚಪ್ಪ ಕಿರುಗುಟ್ಟುವ ಚಪ್ಪಲಿ ಮೆಟ್ಟಿ ಮಾಸೂರಿನ ಚಾದಂಗಡಿಗಳನ್ನೆಲ್ಲ ಸುತ್ತಿದ, ತಾನೇ ಬಸಿರಾದವನ ಹಾಗೆ.

ಬಸುರಿಯ ಕುಬಸಕ್ಕೆ ದಿನ ಗೊತ್ತಾಯಿತು, ಹಸಿರು ಸೀರೆ ಬಂತು. ಹಸಿರು ಬಳೆ ಇಡಲು ಹಾಜರಾಬಿ ಬುಟ್ಟಿ ಹೊತ್ತು ಬಂದಳು. ಮೂವತ್ತು ವರ್ಷ ಊರ ಹೆಂಗಸರ ಕೈ ಹಿಸುಕಿ ಬಳೆ ಏರಿಸಿದವಳು ಅವಳು. ಗುತ್ತೆವ್ವನ ಕೈ ಹಿಸುಕಿ ಬಿಟ್ಟಳು. ಮತ್ತೆ ಹಿಸುಕಿದಳು.

"ಏನ್ ನೋಡಾಕತ್ತಿ? ಬಳಿ ಇಡ," ಅಂದಳು ಭರಮವ್ವ.

"ಹಿಸುಕಿದ ಕೈ ಕೆಂಪಗಾಗಬೇಕಲ್ಲ ಭರಮಕ್ಕ. ಇದು ಸುಣ್ಣ ಬಳದ ಗ್ವಾಡಿ ಆಗೇತಿ. ಉಗರ ನೋಡು, ಚಮಚದ್ಹಂಗ ಗುಳಿ ಬಿದ್ದಾವು. ಮೊದಲ ಹಿರೇಕೆರೂರ ದವಾಖಾನಿಗೆ ಕರಕೊಂಡು ಹೋಗು. ಬಳಿ ಎಲ್ಲಿ ಓಡಿಹೋಗತಾವು?"

ದವಾಖಾನೆಯ ಡಾಕ್ಟರಬಾಯಿ ಗುತ್ತೆವ್ವನ ಕೆಳರೆಪ್ಪೆ ಎಳೆದು ನೋಡಿದಳು, ಹೊಟ್ಟೆ ಒತ್ತಿದಳು, ರಕ್ತ ಮತ್ತು ಸಂಡಾಸ ಪರೀಕ್ಷೆ ಮಾಡಿಸಿದಳು.

"ಬಸರಲ್ಲವಾ ಇದು. ಕೊಕ್ಕೆಹುಳ. ಬಯಲಕಡಿಗೆ, ಹೊಲಕ್ಕ ಬರಿಗಾಲಲೆ ಹೋದ್ರ ಅಂಗಾಲಿಂದ ಒಳಗ ಹೊಗತಾವು. ಕರಳಿಗೆ ಕಚ್ಚಿಕೊಂಡು ರಕ್ತ ಕುಡಿತಾವು. ಮೈಯಾಗ ರಕ್ತ ಇಲ್ಲಂದ್ರ ಮುಟ್ಟು ತರೋ ಹಾರ್ಮೋನು ಕೆಲಸಾನ ಬಿಡ್ತಾವು. ಮಣ್ಣು ತಿನ್ನಬೇಕನಸೋದೂ ಅದಕ್ಕ. ಒಂದೊಂದು ಹುಳ ದಿನಕ್ಕ ಸಾವಿರಗಟ್ಟಲೆ ತತ್ತಿ ಇಡತೈತಿ."

ಬಂಜೆಯ ಹೊಟ್ಟೆಯಲ್ಲಿ ದಿನಕ್ಕೆ ಸಾವಿರ ತತ್ತಿ! ಗುತ್ತೆವ್ವನಿಗೆ ನಗು ತಡೆಯಲಾಗಲಿಲ್ಲ. ಭರಮವ್ವ ನಗಲಿಲ್ಲ.

"ಗುಳಿಗಿ ತಪ್ಪಸಬ್ಯಾಡ. ಚಪ್ಪಲಿ ಇಲ್ಲದ ಹೊರಗ ಕಾಲಿಡಬ್ಯಾಡ. ಮುಟ್ಟು ತಿರುಗಿ ಬಂತಂದ್ರ ಮೈ ಸುಧಾರಿಸಿತು ಅಂತ ತಿಳಕೋ. ಆಮ್ಯಾಲ ಮಕ್ಕಳೂ ಆದಾವು. ಮನಿಯವರೆಲ್ಲಾ ಪರೀಕ್ಷೆ ಮಾಡಸ್ರಿ."

ಜೊತೆಗೆ ಬಂದಿದ್ದ ಉಡಚಪ್ಪ ಹುಬ್ಬೇರಿಸಿದ. "ನನ್ನ ಹೇಲು ಯಾಕ ನೋಡ್ತಾರ? ನಾ ಏನ್ ಹಡೀಬೇಕೇನ?"

ಹಸಿರು ಸೀರೆ ಅಂಗಡಿಗೆ ವಾಪಸು ಹೋಯಿತು. ತುಪ್ಪ ನಿಂತಿತು. "ಯುಗಾದಿ ತನಕಾ ನೋಡ್ತೇನಿ," ಅಂದಳು ಭರಮವ್ವ. "ಆಮ್ಯಾಲ ದುಂಡಸಿ ಹುಡುಗೀನ ತರ್ತೇನಿ. ಗುಳಿಗಿ ಬೇಕಾದ್ರ ನುಂಗು. ಚಪ್ಪಲಿ ಮಾತ್ರ ಬ್ಯಾಡ. ಹಿರ್ಯಾರ ಮುಂದ ಸೊಸಿ ಮೆಟ್ಟು ಹಾಕ್ಕೊಂಡು ತಿರಗತಾಳ? ಭೂಮ್ತಾಯಿ ಸುಮ್ಮನಿರತಾಳ?"

ಉಡಚಪ್ಪನ ಚಪ್ಪಲಿ ಮಾತ್ರ ಭೂಮಿತಾಯಿಗೆ ಎಂದೂ ಒತ್ತಿದ್ದಿಲ್ಲ.

ಗುತ್ತೆವ್ವ ತನ್ನ ಕೂಲಿಯಲ್ಲಿ ಟೈರಿನ ಚಪ್ಪಲಿ ಕೊಂಡಳು. ಅತ್ತೆ ಅವನ್ನು ತಿಪ್ಪೆಗೆ ಎಸೆದಳು. ಎಸೆದಷ್ಟು ಸಲವೂ ಇವಳು ಹೆಕ್ಕಿ ತೊಳೆದು ಮೆಟ್ಟಿದಳು.  

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು. ಗುತ್ತೆವ್ವನ ಉಗುರಿಗೆ ಕೆಂಪು ತಿರುಗಿತ್ತು, ಮಣ್ಣಿನ ಆಸೆ ಹೋಗಿತ್ತು. ಒಂದು ಬೆಳಿಗ್ಗೆ ಮುಟ್ಟು ಬಂತು. ಅವಳು ಚಾಪೆ ತೆಗೆದುಕೊಂಡು ಹೊರಕಟ್ಟೆಗೆ ಹೋಗಿ ಕುಳಿತಳು. ಹಾಗೆ ಹೊರಗೆ ಕೂತು ಅವಳು ಎಂದೂ ಇಷ್ಟು ಹಿಗ್ಗಿದ್ದಿಲ್ಲ.

"ನೋಡ್ರಿ, ಮತ್ತ ಹೊರಗ ಕುಂತಾಳ!" ಭರಮವ್ವ ಓಣಿಗೆ ಕೇಳುವಂತೆ ಹಣೆ ಬಡಿದುಕೊಂಡಳು. "ಎಷ್ಟ ಗುಳಿಗಿ ನುಂಗಿದ್ರೂ ಗೊಡ್ಡು ಗೊಡ್ಡನ!"

ರೋಗಕ್ಕೆ ತುಪ್ಪ ಬಡಿಸಿದ್ದ ಮುದುಕಿ ಆರೋಗ್ಯಕ್ಕೆ ಸವತಿಯನ್ನು ತರಲು ಹೊರಟಳು. ಯುಗಾದಿಯನ್ನೂ ಕಾಯಲಿಲ್ಲ. ಎರಡನೆಯ ದಿನವೇ ಹುಡುಗಿಯ ತಾಯಿ ಅಡಿವೆವ್ವ ಮನೆ ನೋಡಲು ದುಂಡಸಿಯಿಂದ ಬಂದಳು. ಕಟ್ಟೆ ದಾಟುವಾಗ ಗುತ್ತೆವ್ವ ಕೇಳಿದಳು:

"ಅಕ್ಕಾ, ನಿನ್ನ ಮಗಳು ಮಣ್ಣು ತಿಂತಾಳೇನ?"

ಅಡಿವೆವ್ವ ಬೆಚ್ಚಿದಳು. "ನಿನಗ ಯಾರು ಹೇಳಿದ್ರು? ಎಷ್ಟ ಬಡದ್ರೂ ಬಿಡವಲ್ಲಳು."

"ಹೊಲಕ್ಕ ಬರಿಗಾಲಲೆ ಹೋಗ್ತಾಳ?"

"ಮತ್ತೇನ ಕುದರಿ ಮ್ಯಾಲ ಹೋಗ್ತಾಳ?"

ಗುತ್ತೆವ್ವ ಬಾಗಿಲಲ್ಲಿದ್ದ ಅತ್ತೆಯತ್ತ ತಿರುಗಿದಳು. "ಅತ್ತಿ, ಆ ಹಸರ ಸೀರಿ ತಿರುಗಿ ತರಸ್ರಿ. ಬರಾಕಿಗೆ ಈಗಿಂದನ ಬಯಕಿ ಸುರು ಆಗೇತಿ." ಮತ್ತೆ ಅಡಿವೆವ್ವನಿಗೆ ಮೆಲ್ಲಗೆ ಹೇಳಿದಳು: "ಮದಿವಿ ಬಿಡು ಅಕ್ಕಾ. ಮೊದಲ ಶಿಗ್ಗಾವಿ ದವಾಖಾನಿಗೆ ಕರಕೊಂಡು ಹೋಗು. ಹುಳಾ ಇರತಾವು."

ಚಾಪೆ ಸುತ್ತಿಟ್ಟಳು. ಬೆಳಿಗ್ಗೆಯೇ ಕಟ್ಟಿಟ್ಟಿದ್ದ ಗಂಟು ಎತ್ತಿದಳು. ಹಿರಿಯರಿಬ್ಬರ ಎದುರಿಗೇ ಚಪ್ಪಲಿ ಮೆಟ್ಟಿದಳು.

"ಎಲ್ಲಿ ಹೊಂಟಿ?" ಪಡಸಾಲೆಯಲ್ಲಿ ಕೂತಿದ್ದ ಉಡಚಪ್ಪ ಎದ್ದು ನಿಂತ.

"ತಿಳವಳ್ಳಿಗೆ, ನಮ್ಮವ್ವನ ಮನಿಗೆ."

"ತಿರುಗಿ ಯಾವಾಗ ಬರ್ತಿ?"

"ನಿಮ್ಮ ಪರೀಕ್ಷೆ ಚೀಟಿ ಕಳಸ್ರಿ. ನೋಡಿ ಹೇಳ್ತೇನಿ."

ಆಗಷ್ಟೇ ಸಾರಿಸಿದ್ದ ಹಸಿ ಅಂಗಳದಿಂದ ಟೈರಿನ ಅಚ್ಚು ಬಸ್ಸಿನ ದಾರಿಯವರೆಗೂ ಮೂಡಿತ್ತು. ಭರಮವ್ವ ಸೆಗಣಿನೀರಿನ ಕೊಡ ತಂದು ಆ ಹೆಜ್ಜೆಗಳ ಮೇಲೆ ಸುರಿದಳು. ಆಮೇಲೆ ಬರಿಗಾಲಿನಿಂದ ತಿಕ್ಕಿ ತಿಕ್ಕಿ ಒಂದೊಂದನ್ನೇ ಅಳಿಸಿದಳು.