ಸೂರಿನ ಆಚೆ ಈಚೆ

ದ್ವೀಪಕ್ಕೆ ಹೊರಟ ದೋಣಿಯಲ್ಲಿ ಮಗಳು ಪಕ್ಕದಲ್ಲೇ ಕೂತಿದ್ದರೂ ಮಾತಿಲ್ಲ. ಅವಳು ನನ್ನನ್ನು ಅಪ್ಪ ಎಂದು ಕರೆಯದೆ ಒಂಬತ್ತು ದಿನ. ಶಾಲೆಯ ನಾಟಕಕ್ಕೆ ಮೂವತ್ತೆರಡು ಮಕ್ಕಳ ಉಡುಪು ಹೊಲಿದ ದರ್ಜಿ ನಾನು. ಮನೆಮಗಳದ್ದಲ್ಲವೇ ಎಂದು ಇವಳದನ್ನು ಕೊನೆಗೆ ಇಟ್ಟುಕೊಂಡೆ; ಯಂತ್ರದ ಮೇಲೇ ತಲೆಯಿಟ್ಟು ನಿದ್ದೆಹೋದೆ. ನಾಟಕದಲ್ಲಿ ರಾಣಿಯಾಗಿದ್ದ ಇವಳು ಒಂದೇ ತೋಳಿನ ಅಂಗಿಯಲ್ಲಿ ವೇದಿಕೆ ಹತ್ತಿದಳು.

ಅಂಗಡಿಗೆ ಬೀಗ ಹಾಕಿ, ದ್ವೀಪದಲ್ಲಿ ನೋಡಲು ಬರುವವರಿಗಾಗಿ ಹಾಗೇ ಕಾಪಾಡಿಟ್ಟ ಹಳೆಯ ಹುಲ್ಲು ಮನೆ ತೋರಿಸಲು ಇವಳನ್ನು ಕರೆತಂದದ್ದು ಅದಕ್ಕೇ.

ಮನೆ ಗಾಳಿಗೆ ಬೆನ್ನು ಕೊಟ್ಟು ಕುಳಿತಿತ್ತು. ಕಿಟಕಿಯ ಕಟ್ಟೆಯ ಮೇಲೆ ಮಗುವನ್ನು ಮಲಗಿಸಬಹುದು, ಗೋಡೆ ಅಷ್ಟು ದಪ್ಪ. ಚಾವಣಿಯಲ್ಲಿ ಒಂದು ಮೊಳೆಯೂ ಇಲ್ಲ. ತೊಲೆಗೆ ಗಳ, ಗಳಕ್ಕೆ ಹುಲ್ಲು, ಎಲ್ಲ ಹುರಿಯಲ್ಲೇ ಬಿಗಿದದ್ದು. ಮೂಲೆಯಲ್ಲಿ ಆ ಹುಲ್ಲನ್ನು ತಿರುಗಿಸಿದ್ದ ನಯ ಕಂಡು, ಕಾಲರ್ ಕೂರಿಸುವುದರಲ್ಲೇ ಇಪ್ಪತ್ತು ವರ್ಷ ಸವೆಸಿದ ನನಗೆ ಹೊಟ್ಟೆಕಿಚ್ಚಾಯಿತು.

"ಸೂರನ್ನೇ ನೋಡ್ತಿದ್ದೀರಲ್ಲ, ಹಾವಿಲ್ಲ ಬಿಡಿ," ಎಂದರು ಮನೆ ನೋಡಿಕೊಳ್ಳುವ ಅಜ್ಜಿ.

"ಹೊಲಿಗೆ ನೋಡ್ತಿದ್ದೀನಿ ಅಜ್ಜಿ. ನಾನು ದರ್ಜಿ."

"ಹಾಗಾದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ. ಗಾಳಿಗೆ ಒಂದು ಕಡೆ ಕಿತ್ಕೊಂಡಿದೆ. ನಮ್ಮೆಜಮಾನ್ರ ಮಂಡಿ ಮುಷ್ಕರ ಹೂಡಿದೆ. ಇದು ಒಬ್ಬಳ ಕೈಲಿ ಆಗೋ ಕೆಲಸ ಅಲ್ಲ."

ಮೊಳದುದ್ದದ, ಹುರಿ ಪೋಣಿಸಿದ ಮರದ ದಬ್ಬಣವೊಂದನ್ನು ಕೈಗಿಟ್ಟರು. ನಾನು ಹೊರಗೆ ಏಣಿಯ ಮೇಲಿಂದ ಚುಚ್ಚಬೇಕು. ಮಗಳು ಒಳಗೆ ಅಟ್ಟದಲ್ಲಿ ಕೂತು, ಹುರಿಯನ್ನು ಗಳಕ್ಕೆ ಬಳಸಿ, ದಬ್ಬಣವನ್ನು ಹೊರಕ್ಕೆ ತಳ್ಳಬೇಕು.

"ಚುಚ್ಚೋರು ‘ಬರ್ತಿದೆ’ ಅನ್ನಬೇಕು, ಆ ಕಡೆಯೋರು ‘ಬರಲಿ’ ಅನ್ನಬೇಕು. ಬಾಯಿ ಮುಚ್ಕೊಂಡು ಹೊಲಿದ್ರೆ ಯಾರದಾದ್ರೂ ಕಣ್ಣು ಹೋಗುತ್ತೆ. ನಾನೂ ನಮ್ಮೆಜಮಾನ್ರೂ ಮುಖ ತಿರುಗಿಸ್ಕೊಂಡ ದಿನವೂ ಇದೊಂದು ಮಾತು ನಿಲ್ಲಿಸಿಲ್ಲ, ತಿಳೀತಾ ಮರಿ?"

ಮಗಳು ತಲೆಯಾಡಿಸಿ ಅಟ್ಟ ಹತ್ತಿದಳು.

"ಬರ್ತಿದೆ," ಎಂದೆ.

ಒಳಗಿಂದ ಗಳ ಕುಟ್ಟಿದ ಸದ್ದು ಬಂತು, ಅಷ್ಟೇ.

"ಕುಟ್ಟಿದ್ರೆ ಆಗಲ್ಲ ಪುಟ್ಟಿ. ನೀನು ಹೇಳೋವರೆಗೂ ಚುಚ್ಚಲ್ಲ."

ಕಾದೆ. ದಬ್ಬಣ ಎತ್ತಿದ ಕೈ ಇಳಿಸಲಿಲ್ಲ. ಕೆಳಗೆ ಅಜ್ಜಿ, "ಕೊನೇ ದೋಣಿ ನಾಲ್ಕಕ್ಕೆ," ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿದರು.

"ಬರಲಿ." ಹುಲ್ಲಿನ ಆಚೆಯಿಂದ, ಮೆಲ್ಲಗೆ.

ಚುಚ್ಚಿದೆ. ಸ್ವಲ್ಪ ಹೊತ್ತಿಗೆ ಅವಳೇ ಕೂಗಿದಳು, "ಬರ್ತಿದೆ." ದಬ್ಬಣದ ಮೂತಿ ನನ್ನ ಹೆಬ್ಬೆರಳ ಪಕ್ಕದಲ್ಲೇ ಹೊರಬಂತು. ಹುರಿ ಎಳೆದಾಗ ಹುಲ್ಲಿನ ಕಟ್ಟು ಗಟ್ಟಿಯಾಗಿ ಕೂತಿತು. ಇಷ್ಟು ದೊಡ್ಡ ಚಾವಣಿಯ ಒಂದೊಂದು ಹೊಲಿಗೆಯ ಹಿಂದೆಯೂ ಹೀಗೆ ಇಬ್ಬರ ದನಿ ಇದ್ದಿರಬೇಕು.

ಏಳನೆಯ ಹೊಲಿಗೆಗೆ ಒಳಗಿನ ದನಿ ಜೋರಾಯಿತು. "ಎಡಕ್ಕೆ ಅಪ್ಪ. ಸೊಟ್ಟ ಹೊಲೀತಿದ್ದೀಯ."

ನನ್ನ ಹೊಲಿಗೆಯನ್ನು ಸೊಟ್ಟ ಎಂದವರು ಈವರೆಗೆ ಯಾರೂ ಇರಲಿಲ್ಲ. ಬಿಚ್ಚಿ, ಎಡಕ್ಕೆ ಸರಿದು ಚುಚ್ಚಿದೆ.

ಮರಳುವ ದೋಣಿಯಲ್ಲಿ ತಲೆಗೂದಲಿಂದ ಹುಲ್ಲು ಹೆಕ್ಕುತ್ತಾ ಕೇಳಿದಳು, "ಆ ಇನ್ನೊಂದು ತೋಳು ಎಲ್ಲಿದೆ?"

"ಅಂಗಡೀಲೇ ಇದೆ. ಬಟ್ಟೆ ಕತ್ತರಿಸಿಟ್ಟಿದ್ದೀನಿ."

"ನಾಳೆ ಹೊಲಿ. ನಾನು ಪಕ್ಕದಲ್ಲೇ ಕೂತಿರ್ತೀನಿ. ತೂಕಡಿಸಿದ್ರೆ ಚುಚ್ತೀನಿ."